ಕಂಬದ ಮಗ್ಗುಲಿನ ಜಾಗ

ವಿಯೆನ್ನಾ ನಗರದಲ್ಲಿ ಬಿಟ್ಟಿ ಸಿಗುವುದನ್ನೆಲ್ಲ ಮನಸಾರೆ ಅನುಭವಿಸಿದವರು ಯಾರಾದರೂ ಇದ್ದರೆ ಅದು ಒಟ್ಟಾಕ್ರಿಂಗ್ ಬಡಾವಣೆಯ ಲಿಯೋಪೋಲ್ಡಿನೆ ಕ್ರಾಟ್ಕಿ. ಬಿಟ್ಟಿ ಸಿಗುವ ಯಾವುದನ್ನೂ ನಂಬದವರು ಯಾರಾದರೂ ಇದ್ದರೆ ಅದೂ ಅವಳೇ. ಪರಿಚಯದವರೆಲ್ಲ ಪೋಲ್ಡಿ ಅನ್ನುತ್ತಿದ್ದರು, ಮರ್ಯಾದೆ ಕೊಡುವವರು ಫ್ರೌ ಕ್ರಾಟ್ಕಿ, ಅಂದರೆ ಕ್ರಾಟ್ಕಿ ಅಮ್ಮಾವ್ರು. ಯೂರೋ ಬರುವುದಕ್ಕೆ ಮುಂಚಿನ ಮಾತಿದು, ಇನ್ನೂ ಶಿಲ್ಲಿಂಗ್ ಓಡಾಡುತ್ತಿದ್ದ ಕಾಲ.

ಬೆಟ್ಟದ ಊಟೆಯ ನೀರು ಈ ಊರಿನ ಬೀದಿ ನಲ್ಲಿಗಳಲ್ಲೆಲ್ಲ ಬರುತ್ತದೆ. ಉಳಿದವರು ಬೊಗಸೆಯೊಡ್ಡಿ ಕುಡಿದು ಬಾಯೊರೆಸಿಕೊಂಡು ಹೋದರೆ, ಪೋಲ್ಡಿ ಮೊದಲು ನಲ್ಲಿಯ ಮೂತಿಯನ್ನು ಕರವಸ್ತ್ರದಿಂದ ಒರೆಸಿ, ಒಂದಿಷ್ಟು ನೀರು ಹರಿಯಬಿಟ್ಟು, ತುಂಬಿದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಗುಟುಕರಿಸುತ್ತಿದ್ದಳು. ಕಾಫಿ ಮನೆಯಲ್ಲಿ ಒಂದು ಸಣ್ಣ ಲೋಟ ಕಾಫಿ ತರಿಸಿದರೆ ಮಧ್ಯಾಹ್ನವೆಲ್ಲ ಕೂತು ಪುಕ್ಕಟೆ ಪೇಪರು ಓದಬಹುದು. ನೀರು ಮುಗಿದ ಹಾಗೆ ಮಾಣಿ ತಾನಾಗಿಯೇ ಇನ್ನೊಂದು ಗ್ಲಾಸು ತಂದಿಡುತ್ತಾನೆ. ಅವನು ಹಾಗೆ ತಂದಿಟ್ಟಾಗಲೆಲ್ಲ ಪೋಲ್ಡಿಗೆ ಅದು ಎದ್ದು ಹೋಗು ಎನ್ನುವ ಸಭ್ಯ ಸೂಚನೆಯೇ ಎಂಬ ಗುಮಾನಿ. ಹಾಗೆಂದು ಎದ್ದು ಹೋದವಳೂ ಅಲ್ಲ. ಪಾರ್ಕಿನಲ್ಲಿ ಗುಲಾಬಿ ಗಿಡಗಳ ನಡುವೆ ಚೆಂದದ ಕುರ್ಚಿಗಳು ಖಾಲಿ ಬಿದ್ದಿದ್ದರೂ ಅವಳು ಗಟ್ಟಿ ಬೆಂಚಿನ ಮೇಲೇ ಕೂರುವಳು. ಅವಳು ಚಿಕ್ಕವಳಿದ್ದಾಗ ಆ ಕುರ್ಚಿಗೆ ಬಾಡಿಗೆ ವಸೂಲಿ ಮಾಡಲು ಒಬ್ಬ ಹೆಂಗಸು ಚೀಟಿ ಹರಿಯುತ್ತಾ ಬರುತ್ತಿದ್ದಳು. ಆ ಪದ್ಧತಿ ನಿಂತು ಯಾವುದೋ ಕಾಲವಾಗಿದ್ದರೂ, ಆ ಹೆಂಗಸು ಇನ್ನೂ ಯಾವುದೋ ಪೊದೆಯ ಹಿಂದೆ ಕಾದು ನಿಂತಿದ್ದಾಳೆ ಎಂದೇ ಪೋಲ್ಡಿಯ ಲೆಕ್ಕಾಚಾರ.

ಭಾನುವಾರ ಬೆಳಿಗ್ಗೆ ಹಳೆಯ ಅರಮನೆಯ ಬದಿಯ ಚರ್ಚಿಗೆ ಹೋಗುವಳು. ಅಲ್ಲಿ ಪೂಜೆಯ ಜೊತೆಗೆ ದೊಡ್ಡ ವಾದ್ಯಮೇಳ, ತುಂಬು ಗಾಯನ. ಸಭಾಂಗಣದಲ್ಲಾದರೆ ಜನ ಜೇಬು ಬರಿದು ಮಾಡಿಕೊಂಡು ಕೇಳುವಂಥದ್ದು. ಅವಳು ಕಟ್ಟಕಡೆಯ ಸಾಲಿನಲ್ಲಿ ಕಂಬದ ಮರೆಗೆ ಕೂರುತ್ತಿದ್ದಳು, ಕಾಣಿಕೆಯ ಬುಟ್ಟಿ ಹಿಡಿದವನ ಕಣ್ಣು ಅಲ್ಲಿಗೆ ಬರುವ ಹೊತ್ತಿಗೆ ದಣಿದಿರುತ್ತದೆ ಎಂದು. ದೇವರನ್ನು ನಂಬುತ್ತಿದ್ದಳು, ಬುಟ್ಟಿ ಹಿಡಿದವನನ್ನು ನಂಬುತ್ತಿರಲಿಲ್ಲ.

ಇಷ್ಟೆಲ್ಲದರ ಮೇಲೆ ಕಳಶವಿಟ್ಟಂತೆ ಇದ್ದದ್ದು ಒಪೆರಾ.

ಒಂದು ಸಾಸೇಜಿಗೂ ಒಂದು ಬಿಯರಿಗೂ ಆಗುವಷ್ಟು ದುಡ್ಡಿನಲ್ಲಿ ಒಪೆರಾ ಮನೆಯೊಳಗೆ ನಿಲ್ಲುವ ಜಾಗದ ಟಿಕೆಟು ಸಿಗುತ್ತದೆ. ಮಧ್ಯಾಹ್ನವೇ ಹೋಗಿ ಮಡಚುವ ಸ್ಟೂಲು ಹಾಕಿಕೊಂಡು ಸಾಲಿನಲ್ಲಿ ಕೂರಬೇಕು. ಟಿಕೆಟು ಕೈಗೆ ಬಂದ ಕೂಡಲೇ ಮೆಟ್ಟಿಲು ಹತ್ತಿ ಓಡಬೇಕು. ಬೇಕಾದ ಕಡೆ ಕಂಬಿಗೆ ಸ್ಕಾರ್ಫು ಕಟ್ಟಿದರೆ ಆಯಿತು, ಆ ಜಾಗ ಅವತ್ತಿಗೆ ನಿಮ್ಮದು. ಆಮೇಲೆ ಹೊರಗೆ ಹೋಗಿ ಬ್ರೆಡ್ಡು ತಿನ್ನಿ, ಕಾಲು ಚಾಚಿ ಕೂತುಕೊಳ್ಳಿ, ಪರದೆ ಏಳುವ ಹೊತ್ತಿಗೆ ಬಂದರೆ ಸಾಕು. ಸ್ಕಾರ್ಫು ಇರುವ ಕಡೆಗೆ ಯಾರೂ ಕೈ ಹಾಕುವುದಿಲ್ಲ. ಸ್ಕಾರ್ಫು ಇಲ್ಲದ ಕಂಬಿ ಯಾರಪ್ಪನದೂ ಅಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ಇನ್ನೊಬ್ಬರ ಸ್ಕಾರ್ಫು ಬಿಚ್ಚಿದವರನ್ನು ನಿಲ್ಲುವ ಮಂದಿ ಜನ್ಮದಲ್ಲಿ ಮಾತಾಡಿಸುವುದಿಲ್ಲ.

ಪೋಲ್ಡಿಯ ಜಾಗ ಮೇಲಿನ ಗ್ಯಾಲರಿಯಲ್ಲಿ, ಕಂಬದ ಮಗ್ಗುಲಿಗೆ. ಮುಂದೆ ಮೊಣಕೈ ಊರಲು ಕಂಬಿ, ಹಿಂದೆ ಬೆನ್ನು ಕೊಡಲು ಕಂಬ. ವಯಸ್ಸಿನಲ್ಲಿ ಅವಳು ಎಲ್ಲಿ ಬೇಕಾದರೂ ನಿಲ್ಲುತ್ತಿದ್ದಳು. ಎಪ್ಪತ್ತು ದಾಟಿದ ಮೇಲೆ ಸೊಂಟ, ಮಂಡಿ ಎರಡೂ ತಕರಾರು ತೆಗೆದಿದ್ದವು. ಇಡೀ ಒಪೆರಾ ಮನೆಯಲ್ಲಿ ಅವಳು ಕೊನೆಯವರೆಗೆ ನಿಲ್ಲಬಹುದಾದ ಜಾಗ ಅದೊಂದೇ. ಕೂರುವ ಟಿಕೆಟಿನ ಬೆಲೆ ಅವಳ ಪಿಂಚಣಿಗೆ ನಿಲುಕುವ ಮಾತಾಗಿರಲಿಲ್ಲ. ಆ ಜಾಗ ಹೋಯಿತೆಂದರೆ ಒಪೆರಾ ಹೋಯಿತು. ಒಪೆರಾ ಹೋದರೆ ಉಳಿಯುವುದು ಒಟ್ಟಾಕ್ರಿಂಗಿನ ಒಂದು ಕೋಣೆ, ಕಿಟಕಿಯಾಚೆಗೆ ಎದುರು ಮನೆಯ ಗೋಡೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿಯೇ ಸ್ಕಾರ್ಫು ಕಟ್ಟಿ ಹೊರಡುವಾಗ ಬಾಗಿಲ ಬಳಿ ಒಮ್ಮೆ ನಿಂತು, ತಿರುಗಿ, ಅದು ಅಲ್ಲೇ ಇದೆಯೇ ಎಂದು ನೋಡಿಯೇ ಹೋಗುತ್ತಿದ್ದಳು.

ಗಂಟಿನ ವಿಷಯದಲ್ಲಿ ಮಾತ್ರ ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಮದುವೆಗೆ ಮುಂಚಿನಿಂದ ನಿವೃತ್ತಿಯವರೆಗೆ ಅವಳು ಪಿಂಗಾಣಿ ಸಾಮಾನಿನ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟುವ ಕೆಲಸ ಮಾಡಿದವಳು. ಅವಳು ದಾರ ಬಿಗಿದ ಡಬ್ಬಿಗಳು ರೈಲು ಹತ್ತಿ, ಹಡಗು ಹತ್ತಿ ಎಲ್ಲೆಲ್ಲಿಗೋ ಹೋದವು. ಗಂಟು ಸಡಿಲವಾಗಿ ಬಟ್ಟಲು ಒಡೆಯಿತೆಂದು ಒಂದು ದೂರೂ ಬರಲಿಲ್ಲ. ಯಜಮಾನ ಹೊಸ ಹುಡುಗಿಯರನ್ನು ಅವಳ ಮೇಜಿನ ಮುಂದೆ ತಂದು ನಿಲ್ಲಿಸಿ, "ಇವಳ ಬಾಯಿ ನೋಡ್ಬೇಡಿ, ಕೈ ನೋಡಿ" ಅನ್ನುತ್ತಿದ್ದ. ಸುತ್ತು, ಅಡಿಯಿಂದ ಮೇಲಕ್ಕೆ, ಎಡಕ್ಕೆ ಒಂದು ಜಗ್ಗು. ಕಣ್ಣು ಮುಚ್ಚಿಯೂ ಕಟ್ಟುತ್ತಿದ್ದಳು.

ಆ ವರ್ಷದ ಶರತ್ಕಾಲದಲ್ಲಿ ಅವಳ ಬಲಗಡೆಗೆ ಸೆಡ್ಲಾಕ್ ಎಂಬ ಹೊಸ ಮನುಷ್ಯ ಬಂದು ನಿಲ್ಲತೊಡಗಿದ. ಬೋಳುತಲೆ, ಅಚ್ಚುಕಟ್ಟಾದ ಟೈ, ಕಂದು ಬಣ್ಣದ ಉಣ್ಣೆಯ ಮಫ್ಲರು, ಕೈಯಲ್ಲಿ ಯಾವಾಗಲೂ ಒಂದು ದೊಡ್ಡ ಚರ್ಮದ ಚೀಲ. ಮೊದಲನೆಯ ದಿನವೇ ಟೋಪಿ ತೆಗೆದು ಬಾಗಿ, "ನಮಸ್ಕಾರ ಅಮ್ಮಾವ್ರೆ, ನಿಮ್ಮ ಪಕ್ಕ ನಿಂತ್ರೆ ಅಡ್ಡಿ ಇಲ್ವಲ್ಲ?" ಎಂದ.

"ಕಂಬಿ ಸರ್ಕಾರದ್ದು" ಎಂದಳು ಪೋಲ್ಡಿ.

ಇಷ್ಟು ನಯವಾಗಿ ಮಾತಾಡುವವನಿಗೆ ಏನೋ ಬೇಕಾಗಿರಬೇಕು ಎಂದು ಅವಳು ಅಲ್ಲೇ ತೀರ್ಮಾನಿಸಿದಳು. ಆಮೇಲೆ ಕಂಡದ್ದೆಲ್ಲ ಆ ತೀರ್ಮಾನವನ್ನು ಗಟ್ಟಿ ಮಾಡುತ್ತಲೇ ಹೋಯಿತು. ಎಲ್ಲರೂ ಸ್ಕಾರ್ಫು ಕಟ್ಟಿ ಹೊರಗೆ ಹೋದರೆ ಈತ ಹೋಗುತ್ತಿರಲಿಲ್ಲ. ಕಂಬಿಯ ಬಳಿಯೇ ಚೀಲ ತೆರೆದು, ಬೆಣ್ಣೆ ಸವರಿದ ಬನ್ನು ತಿನ್ನುತ್ತಾ ನಿಂತಿರುತ್ತಿದ್ದ. ಅವಳು ಸ್ಕಾರ್ಫು ಕಟ್ಟುವಾಗ ನೋಡದ ಹಾಗೆ ನೋಡುತ್ತಿದ್ದ, ಅದೂ ಮುಖವನ್ನಲ್ಲ, ಕೈಗಳನ್ನು. ಒಮ್ಮೆ ಮಧ್ಯಂತರದಲ್ಲಿ, "ಬಹಳ ವರ್ಷದಿಂದ ಬರ್ತಿದ್ದೀರಂತೆ. ಇಷ್ಟು ಹೊತ್ತು ನಿಲ್ಲೋದು ಕಷ್ಟ ಆಗಲ್ವಾ?" ಎಂದು ಕೇಳಿದ. ಮನೆ ಖಾಲಿ ಮಾಡುವುದು ಯಾವಾಗ ಎಂದು ಕೇಳಿದ ಹಾಗಿತ್ತು ಅವಳಿಗೆ. ಅದು ಸಾಲದೆಂದು ಭಾನುವಾರ ಚರ್ಚಿನಲ್ಲೂ ಅವನ ಬೋಳುತಲೆ ಕಂಡಿತು, ಎಡಗಡೆಯ ಸಾಲಿನಲ್ಲಿ. ಆವತ್ತು ಅವಳಿಗೆ ಸಂಗೀತ ಕಿವಿಗೆ ಹೋಗಲಿಲ್ಲ.

ಒಂದು ಸಂಜೆ ಅವಳು ಹೊರಗಿನಿಂದ ಬಂದಾಗ ಸ್ಕಾರ್ಫು ಅದೇ ಜಾಗದಲ್ಲಿತ್ತು. ಗಂಟು ಮಾತ್ರ ಅವಳದಾಗಿರಲಿಲ್ಲ.

ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳ ಗಂಟಿನ ತುದಿಗಳು ಎಡಕ್ಕೆ ಬೀಳುತ್ತವೆ. ಇದರ ತುದಿಗಳು ಬಲಕ್ಕೆ ಬಿದ್ದಿದ್ದವು. ಪಕ್ಕದಲ್ಲಿ ಸೆಡ್ಲಾಕ್ ಬನ್ನಿನ ಚೂರು ಕೊಡವಿಕೊಳ್ಳುತ್ತಾ ಮೇಲ್ಛಾವಣಿ ನೋಡುತ್ತಿದ್ದ. ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲವೂ.

ಟ್ರೂಡೆಗೆ ಹೇಳಿದಳು. ಟ್ರೂಡೆ ಅವಳ ಎಡಗಡೆಗೆ ನಿಲ್ಲುವ ಹಳೆಯ ಗೆಳತಿ, ಮಾಂಸದಂಗಡಿಯವನ ವಿಧವೆ. ಇನ್ನೊಬ್ಬರ ಅನುಮಾನಕ್ಕೆ ತುಪ್ಪ ಸುರಿಯುವುದರಲ್ಲಿ ಅವಳದು ಎತ್ತಿದ ಕೈ.

"ಬಿಚ್ಚಿ ಮತ್ತೆ ಕಟ್ತಾನೆ ಅಂತೀಯಾ?" ಎಂದು ಟ್ರೂಡೆ ಮೆಟ್ಟಿಲ ಮೇಲೆ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತಾ ಕೇಳಿದಳು. "ಬಿಚ್ಚಿದ ಮೇಲೆ ಕಟ್ಟೋದು ಯಾಕೆ?"

"ಅಭ್ಯಾಸ ಮಾಡ್ಕೋತಿದ್ದಾನೆ ಕಣೇ. ಇವತ್ತು ಬಿಚ್ಚಿ ಕಟ್ಟೋದು, ನಾಳೆ ಒಂದು ಗೇಣು ಆ ಕಡೆ ಕಟ್ಟೋದು, ನಾಡಿದ್ದು ಇನ್ನೊಂದು ಗೇಣು. ಒಂದಿನ ನಾನು ಕಂಬ ಬಿಟ್ಟು ನಡುಮಧ್ಯ ನಿಂತಿರ್ತೀನಿ, ಅವನು ಕಂಬಕ್ಕೆ ಒರಗಿರ್ತಾನೆ."

"ಇರಬಹುದು. ಮೊನ್ನೆ ನನ್ನನ್ನೂ ಕೇಳ್ದ, ಫ್ರೌ ಕ್ರಾಟ್ಕಿ ಒಬ್ಬರೇ ಇರೋದಾ, ಮನೇಲಿ ನೋಡ್ಕೊಳ್ಳೋರು ಇದ್ದಾರಾ ಅಂತ."

"ನೀನೇನಂದೆ?"

"ಗಂಡ ಸತ್ತು ಎಷ್ಟೋ ಕಾಲ ಆಯ್ತು, ನೋಡ್ಕೊಳ್ಳೋಕೆ ಬೆಕ್ಕೂ ಇಲ್ಲ ಅಂದೆ."

"ಮನೆ ನಂಬರೂ ಕೊಟ್ಟುಬಿಡಬೇಕಿತ್ತು" ಎಂದಳು ಪೋಲ್ಡಿ.

ಅಲ್ಲಿಂದ ಅವಳ ಸಂಜೆಗಳು ಹಾಳಾದವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನನ್ನೇ ಕಾಯುತ್ತಿದ್ದಳು. ವೇದಿಕೆಯ ಮೇಲೆ ನಾಯಕಿ ಪ್ರಾಣ ಬಿಡುತ್ತಿದ್ದರೆ ಇವಳ ಕಣ್ಣು ಕಂಬಿಯ ಮೇಲೆ ಸೆಡ್ಲಾಕನ ಮೊಣಕೈ ಎಷ್ಟು ಸರಿದಿದೆ ಎನ್ನುವುದರ ಮೇಲೆ. ಒಮ್ಮೆ ಆತ ಚೀಲದಿಂದ ಒಂದು ಸೇಬು ತೆಗೆದು ಕೊಡಲು ಬಂದ. ಪೋಲ್ಡಿ ತೆಗೆದುಕೊಂಡಳು, ಬಿಟ್ಟಿ ಸಿಕ್ಕಿದ್ದನ್ನು ಬಿಡುವ ಜಾಯಮಾನ ಅವಳದಲ್ಲ. ಮನೆಗೆ ಹೋಗಿ ಅದನ್ನು ನಾಲ್ಕು ಹೋಳು ಮಾಡಿ, ಒಳಗೆ ನೋಡಿ, ಮೂಸಿ, ಆಮೇಲೆ ತಿಂದಳು. ರುಚಿಯಾಗಿತ್ತು. ಅದೂ ಅನುಮಾನಕ್ಕೇ ಜಮೆಯಾಯಿತು.

ಕೊನೆಗೆ ಒಂದು ದಿನ ಅವಳ ತಾಳ್ಮೆ ಕಿತ್ತುಹೋಯಿತು. ಊರಿಗೆಲ್ಲ ಬೇಕಾದ ಹಳೆಯ ಗಾಯಕಿಯೊಬ್ಬಳು ಆವತ್ತು ಕೊನೆಯ ಸಲ ಹಾಡುವವಳಿದ್ದಳು. ಮಧ್ಯಾಹ್ನದ ಸಾಲು ಬೀದಿಯ ತಿರುವಿನವರೆಗೆ ಬೆಳೆದಿತ್ತು. ಸೆಡ್ಲಾಕ್ ಎಲ್ಲರಿಗಿಂತ ಮುಂಚೆ ಬಂದು ಸ್ಟೂಲು ಹಾಕಿಕೊಂಡಿದ್ದ. ಟೈ ಕೂಡ ಹೊಸದು. ಒಳಗೆ ಬಂದು ಮಫ್ಲರು ಕಟ್ಟಿ, ಎಂದೂ ಇಲ್ಲದವನು ಅಂದು ಕೈ ತೊಳೆದು ಬರುತ್ತೇನೆಂದು ಹೊರಗೆ ಹೋದ.

ಪೋಲ್ಡಿ ಅತ್ತಿತ್ತ ನೋಡಿದಳು. ಟ್ರೂಡೆ ಮೊಟ್ಟೆ ತಿನ್ನಲು ಮೆಟ್ಟಿಲಿಗೆ ಹೋಗಿದ್ದಳು. ಬಾಗಿಲು ಕಾಯುವ ಬ್ರೆಜೀನಾ ಯಾರಿಗೋ ದಾರಿ ತೋರಿಸುತ್ತಿದ್ದಳು. ಬಿಸಿ ಅವನಿಗೂ ಒಮ್ಮೆ ತಟ್ಟಲಿ ಎಂದುಕೊಂಡು ಅವಳು ಕಂದು ಮಫ್ಲರಿಗೆ ಕೈ ಹಾಕಿದಳು. ಗಂಟು ಬಿಚ್ಚಲಿಲ್ಲ. ಉಗುರು ಹಾಕಿದಳು, ಎಳೆದಳು, ಬೆರಳು ಜಾರಿತು. ಎಂಥ ಹಾಳು ಗಂಟು ಹಾಕಿದ್ದಾನೆ ಎಂದು ಒಳಗೊಳಗೇ ಬೈದುಕೊಂಡು, ಬಗ್ಗಿ, ಹಲ್ಲಿನಿಂದ ಕಚ್ಚಿ ಎಳೆದಳು. ಬಿಚ್ಚಿತು. ಮಫ್ಲರನ್ನು ನೆಲಕ್ಕೆ ಬಿಟ್ಟು, ತನ್ನ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಚೀಲದಿಂದ ಕನ್ನಡಿ ತೆಗೆದು ಲಿಪ್‌ಸ್ಟಿಕ್ ಸರಿ ಮಾಡಿಕೊಂಡಳು. ಲಿಪ್‌ಸ್ಟಿಕ್ ಇಲ್ಲದೆ ಅವಳು ಒಪೆರಾಕ್ಕೆ ಬಂದದ್ದೇ ಇಲ್ಲ.

ಎಲ್ಲಿಂದಲೋ ಬಂದ ಪ್ರವಾಸಿ ದಂಪತಿ ಖಾಲಿ ಕಂಬಿ ಕಂಡು ತಮ್ಮ ಕೋಟು ಹಾಸಿದರು. ಅವರದೇನೂ ತಪ್ಪಿಲ್ಲ.

ಸೆಡ್ಲಾಕ್ ಬಂದ. ಕೋಟು ನೋಡಿದ, ನೆಲದ ಮೇಲಿನ ಮಫ್ಲರು ನೋಡಿದ. ಬಗ್ಗಿ ಎತ್ತಿಕೊಂಡು, ಗಂಟಿದ್ದ ಕಡೆ ಹೆಬ್ಬೆರಳಿನಿಂದ ಸವರಿದ. ಆಮೇಲೆ ಪೋಲ್ಡಿಯ ಮುಖ ನೋಡಿದ. ಅವಳು ಜಗಳಕ್ಕೆ ಮಾತು ಜೋಡಿಸಿಟ್ಟುಕೊಂಡು ಕಾಯುತ್ತಿದ್ದಳು. ಆತ ಮಫ್ಲರು ಹಿಡಿದುಕೊಂಡು ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತ. ಅಲ್ಲಿಂದ ಕಾಣುವುದು ಜನರ ತಲೆ ಮತ್ತು ದೀಪದ ಗೊಂಚಲು. ಗಾಯಕಿ ಕೊನೆಯ ಸಲ ಬಾಗಿ ನಮಸ್ಕರಿಸಿದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಪೋಲ್ಡಿಯೂ ಹೊಡೆದಳು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಮುಂದಿನ ಸಲ ಸೆಡ್ಲಾಕ್ ಸಾಲಿನಲ್ಲಿರಲಿಲ್ಲ.

"ನಿನ್ನ ಜಾಗದ ಭಾವೀ ಬಾಡಿಗೆದಾರ ಎಲ್ಲೇ?" ಎಂದು ಟ್ರೂಡೆ ಕೆಣಕಿದಳು.

"ಗೊತ್ತಾಗಿರಬೇಕು, ಇಲ್ಲಿ ಬೇಳೆ ಬೇಯಲ್ಲ ಅಂತ" ಎಂದಳು ಪೋಲ್ಡಿ. ಗೆದ್ದ ಖುಷಿಯಲ್ಲಿ ಸ್ಕಾರ್ಫನ್ನು ಎಂದಿಗಿಂತ ಬಿಗಿಯಾಗಿ ಕಟ್ಟಿದಳು, ಬಾಗಿಲಿನಲ್ಲಿ ತಿರುಗಿ ನೋಡಿದಳು, ಇತ್ತು. ಬಹಳ ದಿನಗಳ ಮೇಲೆ ನೆಮ್ಮದಿಯಿಂದ ಬ್ರೆಡ್ಡು ತಿಂದಳು.

ವಾಪಸು ಬಂದಾಗ ಕಂಬದ ಮಗ್ಗುಲಿಗೆ ಒಂದು ನೀಲಿ ಜಾಕೆಟು ಕಟ್ಟಿತ್ತು. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು. ಸ್ಕಾರ್ಫು ನೆಲದ ಮೇಲಿತ್ತು, ಅದರ ಮೇಲೆ ಯಾರದೋ ಬೂಟಿನ ಗುರುತು.

"ಇದು ನನ್ನ ಜಾಗ" ಎಂದಳು ಪೋಲ್ಡಿ.

"ನಂಗೊತ್ತಾಗ್ಲಿಲ್ಲ ಅಜ್ಜಿ. ನಾನು ಬಂದಾಗ ಅದು ಕೆಳಗೆ ಬಿದ್ದಿತ್ತು. ಕಂಬಿ ಖಾಲಿ ಇತ್ತಲ್ಲ."

"ಯಾರು ಬಿಚ್ಚಿದ್ದು? ಬೋಳುತಲೆಯವನು ಬಂದಿದ್ನಾ?"

ಹುಡುಗಿ ಮಿಕಿಮಿಕಿ ನೋಡಿದಳು. ಬಾಗಿಲಿನಿಂದ ಬ್ರೆಜೀನಾ ಬಂದಳು. "ಯಾರೂ ಬಿಚ್ಚಿಲ್ಲ ಫ್ರೌ ಕ್ರಾಟ್ಕಿ. ತಾನಾಗೇ ಜಾರಿ ಬಿತ್ತು. ಯಾವಾಗ್ಲೂ ಬೀಳುತ್ತೆ."

"ಯಾವಾಗ್ಲೂ ಅಂದ್ರೆ?"

"ಶರತ್ಕಾಲದಿಂದ ನೋಡ್ತಿದ್ದೀನಿ. ನೀವು ಆಚೆ ಹೋಗ್ತೀರಿ, ಸ್ವಲ್ಪ ಹೊತ್ತಿಗೆ ಅದು ಸಡಿಲ ಆಗುತ್ತೆ. ಸೆಡ್ಲಾಕ್ ಅವರು ತಿನ್ನೋ ಬನ್ನು ಬಾಯಲ್ಲಿ ಕಚ್ಕೊಂಡು ಮತ್ತೆ ಕಟ್ತಾರೆ. ಇವತ್ತು ಅವರಿಲ್ಲ. ನಾನು ಕಟ್ಟೋಣ ಅಂದ್ರೆ ಡ್ಯೂಟಿಯಲ್ಲಿರೋರು ಕೈ ಹಾಕೋ ಹಾಗಿಲ್ಲ."

ಬ್ರೆಜೀನಾಳೂ ಅವನ ಕಡೆಯವಳು ಎಂದುಕೊಂಡಳು ಪೋಲ್ಡಿ. ಆದರೆ ಕಂಬಿಯ ನಿಯಮ ನಿಯಮವೇ. ಜೀವಮಾನವೆಲ್ಲ ಅದರ ನೆರಳಿನಲ್ಲಿ ನಿಂತವಳು ಈಗ ಅದರ ವಿರುದ್ಧ ಹೇಗೆ ಮಾತಾಡಿಯಾಳು? ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತಳು. ತಲೆಗಳು, ದೀಪದ ಗೊಂಚಲು. ಹಿಡಿದುಕೊಳ್ಳಲು ಏನೂ ಇಲ್ಲ. ಮೊದಲ ಅಂಕ ಮುಗಿಯುವುದರೊಳಗೆ ಮಂಡಿ ಅದುರತೊಡಗಿತು. ಮಧ್ಯಂತರದಲ್ಲಿ ಕೋಟು ಹಾಕಿಕೊಂಡು ಟ್ರಾಮು ಹತ್ತಿದಳು. ಇಷ್ಟು ವರ್ಷದಲ್ಲಿ ಅವಳು ಅರ್ಧಕ್ಕೆ ಎದ್ದು ಬಂದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಬಿಸಿಲು ಬಂದ ಮೇಲೆ, ಬ್ರೆಜೀನಾಳ ಸುಳ್ಳು ಬಯಲು ಮಾಡಲೆಂದು, ಕುರ್ಚಿಯ ಬೆನ್ನಿಗೆ ಸ್ಕಾರ್ಫು ಕಟ್ಟಿದಳು. ಸುತ್ತು, ಅಡಿಯಿಂದ ಮೇಲಕ್ಕೆ, ಎಡಕ್ಕೆ ಒಂದು ಜಗ್ಗು. ಎದುರಿಗೆ ಮಂಚದ ಮೇಲೆ ಕೂತು ಅದನ್ನೇ ನೋಡಿದಳು. ಗಂಟು ನೆಟ್ಟಗೇ ಇತ್ತು. ಹೇಳಲಿಲ್ಲವೇ ಎಂದುಕೊಂಡು ಕಾಫಿಗೆ ನೀರಿಟ್ಟಳು. ತಿರುಗಿದಾಗ ಒಂದು ತುದಿ ಸ್ವಲ್ಪ ಕೆಳಗಿಳಿದಿತ್ತು. ನೋಡುತ್ತಾ ನಿಂತಳು. ಯಾರೂ ಮುಟ್ಟಲಿಲ್ಲ, ಗಾಳಿಯೂ ಇರಲಿಲ್ಲ. ಗಂಟು ತನ್ನಷ್ಟಕ್ಕೆ ಬಾಯಿ ಬಿಟ್ಟು, ಸ್ಕಾರ್ಫು ಕುರ್ಚಿಯಿಂದ ಜಾರಿ ನೆಲಕ್ಕೆ ಬಿತ್ತು.

ರೇಷ್ಮೆಯದೇ ದೋಷ ಎಂದು ಉಣ್ಣೆಯದನ್ನು ಕಟ್ಟಿದಳು. ಅದು ಸ್ವಲ್ಪ ತಡವಾಗಿ ಬಿತ್ತು. ಕುರ್ಚಿಯದೇ ದೋಷ ಎಂದು ಬಾಗಿಲ ಹಿಡಿಗೆ ಕಟ್ಟಿದಳು. ಕೊನೆಗೆ ಬೂಟಿನ ಡಬ್ಬಿ ತೆಗೆದು, ಹಳೆಯ ದಾರದ ಉಂಡೆ ಹುಡುಕಿ, ಅಂಗಡಿಯಲ್ಲಿ ಕಟ್ಟುತ್ತಿದ್ದ ಹಾಗೆಯೇ ಪೊಟ್ಟಣ ಕಟ್ಟಿ ಎತ್ತಿ ಹಿಡಿದಳು. ದಾರ ಸಡಿಲಗೊಂಡು ಡಬ್ಬಿ ಕಾಲ ಬಳಿ ಬಿತ್ತು. ಎಡಕ್ಕೆ ಜಗ್ಗುವಾಗ ಹೆಬ್ಬೆರಳು ಒತ್ತಬೇಕಾದ ಕಡೆ ಒತ್ತುತ್ತಿರಲಿಲ್ಲ. ಒತ್ತುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು, ಅಷ್ಟೇ. ಅವಳು ಎಲ್ಲರನ್ನೂ ಅನುಮಾನಿಸಿದ್ದಳು, ತನ್ನ ಕೈಗಳನ್ನೊಂದು ಬಿಟ್ಟು. ಮಂಚದ ಮೇಲೆ ಕೂತು ಅವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಒಲೆಯ ಮೇಲೆ ನೀರು ಕುದಿದು ಕುದಿದು ಬತ್ತಿಯೇ ಹೋಯಿತು.

ದುಃಖ ಇಳಿದ ಮೇಲೆ ನಾಚಿಕೆ ಬಂತು. ಗೋಡೆಯ ಹತ್ತಿರ, ಹೊಸ ಟೈ ಕಟ್ಟಿಕೊಂಡು, ಮಫ್ಲರು ಹಿಡಿದು ನಿಂತವನು ಕಣ್ಣ ಮುಂದೆ ಬಂದ.

ಅವನ ಮನೆ ಎಲ್ಲಿ ಎಂದು ಅವಳಿಗೆ ಗೊತ್ತಿರಲಿಲ್ಲ. ಚರ್ಚು ಗೊತ್ತಿತ್ತು. ಭಾನುವಾರ ಬೇಗನೆ ಹೋಗಿ, ಕಂಬದ ಮರೆಯ ತನ್ನ ಜಾಗ ಬಿಟ್ಟು, ಎಡಗಡೆಯ ಸಾಲಿನಲ್ಲಿ ಬೋಳುತಲೆಯ ಪಕ್ಕ ಕೂತಳು. ಸೆಡ್ಲಾಕ್ ಒಮ್ಮೆ ನೋಡಿ ಸ್ವಲ್ಪ ಸರಿದು ಜಾಗ ಕೊಟ್ಟ. ಕಾಣಿಕೆಯ ಬುಟ್ಟಿ ಬಂತು. ಪೋಲ್ಡಿ ಒಂದು ನಾಣ್ಯ ಹಾಕಿದಳು. ಬುಟ್ಟಿ ಹಿಡಿದವನು ಅವಳನ್ನು ಗುರುತು ಹಿಡಿದವನಂತೆ ಹುಬ್ಬೇರಿಸಿದ.

ಪೂಜೆ ಮುಗಿದ ಮೇಲೆ ಇಬ್ಬರೂ ಹೊರಗೆ ಬೀದಿ ನಲ್ಲಿಯ ಹತ್ತಿರ ನಿಂತರು.

"ನಿಮ್ಮ ಮಫ್ಲರು ಬಿಚ್ಚಿದ್ದು ನಾನು" ಎಂದಳು ಪೋಲ್ಡಿ. ಮುಖ ನೋಡದೆ, ನಲ್ಲಿಯನ್ನು ನೋಡುತ್ತಾ.

"ಗೊತ್ತು."

"ಹೇಗೆ ಗೊತ್ತು? ಬ್ರೆಜೀನಾ ಹೇಳಿದ್ಲಾ?"

"ಗಂಟಿದ್ದ ಕಡೆ ಲಿಪ್‌ಸ್ಟಿಕ್ ಅಂಟಿತ್ತು" ಎಂದ ಸೆಡ್ಲಾಕ್. "ಗ್ಯಾಲರೀಲಿ ಆ ಬಣ್ಣ ನಿಮ್ಮದೊಂದೇ."

ಪೋಲ್ಡಿಯ ಕೈ ತಾನಾಗಿ ಬಾಯಿಗೆ ಹೋಯಿತು. ಆತ ಮುಂದುವರಿಸಿದ. "ಹಲ್ಲು ಹಾಕಬೇಕಾಯ್ತು ಅಂದ್ರೆ ಬೆರಳು ಆಗಲೇ ಅಷ್ಟು ಸೋತಿದೆ ಅಂತ ಅರ್ಥ ಆಯ್ತು. ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳ್ಲಿ. ಆ ಗಾಯಕಿ ಅಂದ್ರೆ ನನ್ನ ಹೆಂಡತಿಗೆ ಪ್ರಾಣ. ಅವಳು ಈಗಿಲ್ಲ, ಅವಳ ಪರವಾಗಿ ನೋಡೋಣ ಅಂತ ಬಂದಿದ್ದೆ."

"ಕಟ್ಟಿಕೊಡ್ತಿದ್ದೀನಿ ಅಂತ ಒಂದು ಮಾತು ಹೇಳೋದಕ್ಕೆ ಏನಾಗಿತ್ತು ನಿಮಗೆ?" ಕ್ಷಮೆ ಕೇಳಲು ಬಂದವಳು ಗದರಿಸಿದಳು. ಬೇರೆ ದನಿ ಅವಳಲ್ಲಿ ಇರಲಿಲ್ಲ.

"ನನ್ನ ಹೆಂಡತಿಗೂ ಮೊದಲು ಹೋಗಿದ್ದು ಬೆರಳೇ. ಕೋಟಿನ ಗುಂಡಿ ಹಾಕಿಕೊಡೋಕೆ ಹೋದ್ರೆ ಉರಿದು ಬೀಳೋಳು. ಅವಳು ಕನ್ನಡಿ ಕಡೆ ತಿರುಗಿದಾಗ ಹಾಕ್ತಿದ್ದೆ. ತಾನೇ ಹಾಕ್ಕೊಂಡೆ ಅಂದ್ಕೊಳ್ಳೋಳು." ಸೆಡ್ಲಾಕ್ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ನಿಮಗೂ ಹಾಗೇ ಇರಲಿ ಅಂತ."

ಪೋಲ್ಡಿ ನಲ್ಲಿಗೆ ಬಗ್ಗಿ, ಮೂತಿ ಒರೆಸುವುದನ್ನೂ ಮರೆತು, ಬೊಗಸೆ ತುಂಬ ನೀರು ಕುಡಿದಳು.

"ನಾಳೆ ಬನ್ನಿ" ಎಂದಳು ಬಾಯೊರೆಸಿಕೊಳ್ಳುತ್ತಾ. "ಬರದೇ ಇದ್ರೆ ಆ ನೀಲಿ ಜಾಕೆಟಿನ ಹುಡುಗಿ ಖಾಯಂ ಆಗಿಬಿಡ್ತಾಳೆ."

ಮರುದಿನ ಸಾಲಿನಲ್ಲಿ ಆತ ಅವಳ ಹಿಂದೆಯೇ ಕೂತಿದ್ದ. ಟಿಕೆಟು ಸಿಕ್ಕಿದ ಮೇಲೆ ಟ್ರೂಡೆಯೂ ಸೇರಿ ಮೂವರೂ ಮೆಟ್ಟಿಲು ಹತ್ತಿದರು. ಸೆಡ್ಲಾಕ್ ತನ್ನ ಮಫ್ಲರು ಕಟ್ಟಿಕೊಂಡು, ಎಂದಿನ ಹಾಗೆ ಮೇಲ್ಛಾವಣಿ ನೋಡುತ್ತಾ ನಿಂತ, ಪೋಲ್ಡಿ ಸ್ಕಾರ್ಫು ಕಟ್ಟಿ ಆಚೆ ಹೋಗಲಿ ಎಂದು. ಪೋಲ್ಡಿ ಸ್ಕಾರ್ಫು ತೆಗೆದು ಕಂಬಿಯ ಮೇಲಿಟ್ಟಳು. ಎಡಕ್ಕೆ ಟ್ರೂಡೆ ನೋಡುತ್ತಿದ್ದಳು, ಬಾಗಿಲಿನಿಂದ ಬ್ರೆಜೀನಾ ನೋಡುತ್ತಿದ್ದಳು.

"ಏನ್ರೀ, ಛಾವಣಿ ಎಲ್ಲಿಗೂ ಹೋಗಲ್ಲ" ಎಂದಳು ಪೋಲ್ಡಿ ಎಲ್ಲರಿಗೂ ಕೇಳುವ ಹಾಗೆ. "ಇದನ್ನ ಕಟ್ಟಿ. ನನ್ನ ಕೈಲಿ ಆಗ್ತಿಲ್ಲ."

ಟ್ರೂಡೆಯ ಕೈಯಲ್ಲಿದ್ದ ಮೊಟ್ಟೆ ಹಾಗೆಯೇ ನಿಂತಿತು. ಸೆಡ್ಲಾಕ್ ಕಟ್ಟಿದ. ತುದಿಗಳು ಬಲಕ್ಕೆ ಬಿದ್ದವು. ಪೋಲ್ಡಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, ಗಂಟನ್ನು ಒಮ್ಮೆ ಎಳೆದು, ಇನ್ನೊಮ್ಮೆ ಎಳೆದು, "ಪರವಾಗಿಲ್ಲ" ಎಂದಳು. ಅಂಗಡಿಯ ಹೊಸ ಹುಡುಗಿಯರಿಗೂ ಅವಳು ಅದಕ್ಕಿಂತ ಹೆಚ್ಚು ಹೇಳಿದ್ದಿಲ್ಲ.

"ಬನ್ನಿ, ಇವತ್ತು ನೀವೂ ಆಚೆ ಕೂತು ತಿನ್ನಿ. ಈ ಗಂಟು ಬೀಳಲ್ಲ."

ಬಾಗಿಲ ಬಳಿ ಅವಳು ಹಳೆಯ ಚಾಳಿಯಂತೆ ತಿರುಗಿ ನಿಂತಳು. ಸ್ಕಾರ್ಫು ಅಲ್ಲೇ ಇತ್ತು. ಪಕ್ಕಕ್ಕೆ ನೋಡಿದರೆ ಸೆಡ್ಲಾಕನೂ ತಿರುಗಿ ನಿಂತು ತನ್ನ ಕಂದು ಮಫ್ಲರನ್ನು ನೋಡುತ್ತಿದ್ದ. ನೋಡಿ, ಅವಳ ಬಾಯಿ ನೋಡಿದ. ಲಿಪ್‌ಸ್ಟಿಕ್ ಇರಲಿಲ್ಲ.

"ಧೈರ್ಯವಾಗಿರಿ ಅಂತ ಹಚ್ಚದೇ ಬಂದಿದ್ದೀನಿ" ಎಂದಳು ಪೋಲ್ಡಿ.

"ಹಚ್ಚಿದ್ರೇನೇ ಧೈರ್ಯ ಫ್ರೌ ಕ್ರಾಟ್ಕಿ" ಎಂದ ಸೆಡ್ಲಾಕ್. "ಹಚ್ಚದೇ ಇದ್ರೆ ಯಾರು ಬಿಚ್ಚಿದ್ದು ಅಂತ ಗುರುತೇ ಸಿಗಲ್ವಲ್ಲ."

ತನ್ನನ್ನು ಅನುಮಾನಿಸುವುದರಲ್ಲೂ ತಪ್ಪಿಲ್ಲ ಎಂದು ಪೋಲ್ಡಿ ಒಪ್ಪಿಕೊಂಡಳು. ಚೀಲದಿಂದ ಕನ್ನಡಿ ತೆಗೆದು ಅವನ ಕೈಗೆ ಕೊಟ್ಟಳು. ಲಿಪ್‌ಸ್ಟಿಕ್ಕಿನ ಮುಚ್ಚಳ ಬಿಗಿಯಾಗಿತ್ತು, ಅದನ್ನೂ ಕೊಟ್ಟಳು. ಆತ ಮುಚ್ಚಳ ತೆಗೆದುಕೊಟ್ಟು, ಅವಳು ಹಚ್ಚಿ ಮುಗಿಸುವವರೆಗೆ ಕನ್ನಡಿ ಹಿಡಿದು ನಿಂತ.